ಮೂರನೇ ಕೈ: ಕಲೆ ಮತ್ತು ಮನಸ್ಸಿನ ಗಾಯ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬಂದು ಚಾಪೆಯ ಮೇಲೆ ಕೂತರೆ ಒಳ್ಳೆಯದು. ಮೈಕು ಆಗಾಗ ಕೈಕೊಡುತ್ತದಂತೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಡ್ರಾಯಿಂಗ್ ಪೀರಿಯಡ್ ಅಂದರೆ ಏನು ಅಂತ ನಿಮಗೆಲ್ಲ ಗೊತ್ತು. ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮೇಷ್ಟ್ರು ಎರವಲು ಕೇಳುವ ಪೀರಿಯಡ್. ಕೊಟ್ಟದ್ದು ವಾಪಸ್ ಬಂದದ್ದು ನನಗಂತೂ ನೆನಪಿಲ್ಲ.

ಇವತ್ತಿನ ವಿಷಯ ಕಲೆಯಿಂದ ಮನಸ್ಸಿನ ಗಾಯ ಮಾಯುತ್ತದೆಯೇ ಅನ್ನುವುದು. ಈ ಮಾತು ಎತ್ತಿದ ಕೂಡಲೇ ಮಕ್ಕಳಿಂದ ಅಜ್ಜಂದಿರವರೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ‘ನಂಗೆ ಚಿತ್ರ ಬರೆಯೋಕೆ ಬರಲ್ಲ ಸಾರ್.’ ಹಾಡಿಗೂ ಅದೇ, ಬರವಣಿಗೆಗೂ ಅದೇ. ಬರುವುದು ಬಾರದಿರುವುದು ಇಲ್ಲಿ ಅಷ್ಟು ಮುಖ್ಯವಲ್ಲ ಅಂತ ನಾನು ನಂಬಿದ್ದೇನೆ. ಪಕ್ಕದಲ್ಲಿ ಎಂಥವರು ಕೂತಿದ್ದಾರೆ ಅನ್ನುವುದು ಅದಕ್ಕಿಂತ ಮುಖ್ಯ. ಯಾಕೆ ಹೀಗೆ ಹೇಳುತ್ತೇನೆ ಅನ್ನಲು ಒಬ್ಬ ಟೀಚರ ಕತೆ ಹೇಳಬೇಕು. ಸ್ವಲ್ಪ ಉದ್ದವಿದೆ.

ಅವರ ಹೆಸರು ಫ್ರೀಡ್ಲ್ ಡಿಕರ್. ಹುಟ್ಟಿದ್ದು 1898ರಲ್ಲಿ, ವಿಯೆನ್ನಾದ ಒಂದು ಯಹೂದಿ ಮನೆಯಲ್ಲಿ. ನಾಲ್ಕು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ತಂದೆ ಕಾಗದ, ಪೆನ್ಸಿಲ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ತಾಯಿಯಿಲ್ಲದ ಮಗು ಆ ಕಾಗದ, ಬಣ್ಣಗಳ ನಡುವೆಯೇ ಬೆಳೆಯಿತು. ಮುಂದೆ ಜೊಹಾನೆಸ್ ಇಟೆನ್ ಎಂಬ ಗುರುವಿನ ಹತ್ತಿರ ಕಲಿತರು. 1919ರಲ್ಲಿ ಇಟೆನ್ ಜರ್ಮನಿಯ ವೈಮಾರ್‌ನಲ್ಲಿದ್ದ ಬೌಹೌಸ್ ಎಂಬ ಕಲಾಶಾಲೆಗೆ ಪಾಠ ಮಾಡಲು ಹೋದಾಗ, ಇವರೂ ಅಲ್ಲಿಗೇ ಹೋದರು. ನೇಯ್ಗೆ, ಮುದ್ರಣ, ರಂಗಸಜ್ಜಿಕೆ, ಪೀಠೋಪಕರಣ, ಎಲ್ಲದರಲ್ಲೂ ಕೈಯಾಡಿಸಿದರು.

ಇಟೆನ್ ಪಾಠ ಶುರು ಮಾಡುತ್ತಿದ್ದ ರೀತಿ ಒಂಥರಾ ವಿಚಿತ್ರ. ಮೊದಲು ಎದ್ದು ನಿಂತು ಮೈ ಸಡಿಲ ಮಾಡಿಕೊಳ್ಳಬೇಕು. ಉಸಿರು ನೆಟ್ಟಗೆ ಬಿಡಬೇಕು. ಆಮೇಲೆ ಲಯ ಹಿಡಿದು ಗೆರೆ ಎಳೆಯಬೇಕು. ಏನನ್ನೋ ಬರೆಯಲು ಎಳೆಯುವ ಗೆರೆಯಲ್ಲ ಅದು, ಬರೀ ಗೆರೆ. ಕೈಯ ಬಿಗಿ ಬಿಟ್ಟ ಮೇಲೆ ಚಿತ್ರದ ಮಾತು. ಇದನ್ನು ಓದಿದಾಗ ನನಗೆ ನಮ್ಮ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳು ನೆನಪಾದವು. ನಾವು ಮಕ್ಕಳ ಮುಂದೆ ಒಂದು ಬಿಂದಿಗೆ, ಎರಡು ಬದನೆಕಾಯಿ ಇಟ್ಟು ‘ಹೂಂ, ಬರೀರಿ’ ಅನ್ನುತ್ತಿದ್ದೆವು. ಯಾರೂ ಉಸಿರಾಡಿ ಅಂತ ಹೇಳುತ್ತಿರಲಿಲ್ಲ.

1934ರಲ್ಲಿ ಫ್ರೀಡ್ಲ್ ವಿಯೆನ್ನಾದಲ್ಲಿ ಜೈಲು ಸೇರಿದರು. ಕಾರಣ ಕಮ್ಯುನಿಸ್ಟರ ಜೊತೆಗಿನ ಒಡನಾಟ. ಬಿಡುಗಡೆಯಾದ ಮೇಲೆ ಪ್ರಾಗ್‌ಗೆ ಹೋದರು. ಅಲ್ಲಿ ದೇಶ ಬಿಟ್ಟು ಬಂದವರ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಅವರಿಗೆ ನೆರವಾಗುತ್ತಿದ್ದವಳು ಎಡಿತ್ ಕ್ರಾಮರ್ ಎಂಬ ಶಿಷ್ಯೆ. ಈ ಹುಡುಗಿಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. 1936ರಲ್ಲಿ ಫ್ರೀಡ್ಲ್ ತಮ್ಮದೇ ಬಳಗದ ಪಾವೆಲ್ ಬ್ರಾಂಡೈಸ್ ಅವರನ್ನು ಮದುವೆಯಾದರು. ಪ್ಯಾಲೆಸ್ಟೈನಿಗೆ ಹೋಗಲು ಇವರಿಗೆ ವೀಸಾ ಸಿಕ್ಕಿತ್ತು, ಗಂಡನಿಗೆ ಸಿಗಲಿಲ್ಲ. ಇವರೂ ಹೋಗಲಿಲ್ಲ.

1942ರ ಡಿಸೆಂಬರ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ನಾಜಿಗಳು ತೆರೆಜೀನ್‌ಗೆ ಸಾಗಿಸಿದರು. ಪ್ರಾಗ್‌ನಿಂದ ಸ್ವಲ್ಪ ದೂರದ ಹಳೆಯ ಕೋಟೆ ಊರು ಅದು. ಆಗ ಯಹೂದಿಗಳನ್ನು ತಂದು ತುಂಬುವ ಜಾಗವಾಗಿತ್ತು. ಒಬ್ಬೊಬ್ಬರು 50 ಕಿಲೋ ಸಾಮಾನು ಒಯ್ಯಬಹುದಿತ್ತು. ಒಂದು ಕ್ಷಣ ಯೋಚನೆ ಮಾಡಿ, ನೀವಾಗಿದ್ದರೆ ಏನು ತುಂಬಿಕೊಳ್ಳುತ್ತಿದ್ದಿರಿ? ಕಂಬಳಿ, ಸ್ವೆಟರ್, ಒಣ ರೊಟ್ಟಿ, ಔಷಧಿ ಅಲ್ವಾ? ಫ್ರೀಡ್ಲ್ ಅದರಲ್ಲಿ ಕಾಗದ, ಬಣ್ಣಗಳಿಗೂ ಜಾಗ ಮಾಡಿದರು. ಅಲ್ಲಿ ಮಕ್ಕಳಿರುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ತೆರೆಜೀನ್‌ನಲ್ಲಿ ಮಕ್ಕಳಿಗೆ ಶಾಲೆ ನಡೆಸುವುದು ನಿಷಿದ್ಧ. ಚಿತ್ರ, ಹಾಡು, ಆಟ ಇವಕ್ಕೆ ಅಷ್ಟು ಅಡ್ಡಿ ಇರಲಿಲ್ಲ. ಹೆಣ್ಣುಮಕ್ಕಳನ್ನು ಇಟ್ಟಿದ್ದ ಮನೆಯೊಂದರಲ್ಲಿ ಇವರ ಪಾಠ ಶುರುವಾಯಿತು. ತಂದ ಕಾಗದ ಎಷ್ಟು ದಿನ ಬಂದೀತು? ಅದು ಮುಗಿದ ಮೇಲೆ ಕಚೇರಿಯ ಬಳಸಿದ ಫಾರಂಗಳು, ಪೊಟ್ಟಣ ಕಟ್ಟಿದ ಕಾಗದ, ಕೈಗೆ ಸಿಕ್ಕಿದ್ದೆಲ್ಲ ಬಂತು. ಫಾರಂ ಹರಿದು ಅಂಟಿಸಿದ ಚಿತ್ರಗಳು ಈಗಲೂ ಇವೆ. ಗುಡ್ಡದ ಮೇಲೆ ಅಚ್ಚಾದ ಅಂಕಣಗಳ ಗೆರೆ ಕಾಣುತ್ತದೆ.

ಪಾಠದಲ್ಲಿ ಇಟೆನ್ ಹೇಳಿಕೊಟ್ಟ ಉಸಿರು, ಲಯದ ಅಭ್ಯಾಸಗಳಿದ್ದವು. ಒಂದು ಕತೆ ಹೇಳಿ, ಅದರಲ್ಲಿ ಬಂದ ವಸ್ತುಗಳನ್ನು ಬರೆಯಿರಿ ಅನ್ನುತ್ತಿದ್ದರು. ನೀವು ಇರಬೇಕೆನ್ನುವ ಜಾಗ ಬರೆಯಿರಿ ಅನ್ನುತ್ತಿದ್ದರು. ಮಕ್ಕಳು ಹೂವು, ಚಿಟ್ಟೆ, ಊಟದ ಮೇಜು, ಬಿಟ್ಟುಬಂದ ಮನೆ ಬರೆದರು. ಕೆಲವರು ಕಣ್ಣೆದುರಿನ ಮೂರಂತಸ್ತಿನ ಮಂಚಗಳನ್ನೂ ಬರೆದರು. ಟೀಚರ್ ತಿದ್ದುತ್ತಿರಲಿಲ್ಲ. ಆದರೆ ಚಿತ್ರದ ಮೇಲೆ ಮಗು ತನ್ನ ಹೆಸರು ಬರೆಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಅಲ್ಲಿಗೆ ಬಂದವರಿಗೆಲ್ಲ ಸಾಗಣೆಯ ನಂಬರು ಕೊಟ್ಟಿದ್ದರು. ಹೆಸರಿಗೆ ಬೆಲೆಯೇ ಇಲ್ಲದ ಜಾಗದಲ್ಲಿ ಈ ಟೀಚರ್ ಹೆಸರು ಬರೆಸುತ್ತಿದ್ದರು.

1943ರ ಬೇಸಿಗೆಯಲ್ಲಿ ಆ ಮನೆಯ ನೆಲಮಾಳಿಗೆಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ ಮಾಡಿ, ದೊಡ್ಡವರ ಮುಂದೆ ಒಂದು ಉಪನ್ಯಾಸವನ್ನೂ ಕೊಟ್ಟರು. ನನಗೆ ಇವತ್ತಿಗೂ ಆಶ್ಚರ್ಯ ಅದು. ನಾಳೆ ಯಾರು ಸಾವಿನ ಶಿಬಿರದ ಯಾವ ರೈಲಿಗೆ ಅಂತ ಗೊತ್ತಿಲ್ಲದ ಜಾಗದಲ್ಲಿ ಮಕ್ಕಳ ಚಿತ್ರದ ಬಗ್ಗೆ ಭಾಷಣ! ಎಲ್ಲ ಮಕ್ಕಳನ್ನೂ ಕಲಾವಿದರನ್ನಾಗಿ ಮಾಡುವುದು ತನ್ನ ಉದ್ದೇಶವಲ್ಲ, ಅವರೊಳಗೆ ಇರುವುದು ಹೊರಗೆ ಬರಲು ದಾರಿ ಬಿಡುವುದಷ್ಟೇ ಕೆಲಸ ಅಂತ ಅವರು ಹೇಳಿದ್ದರು. ಮಕ್ಕಳನ್ನು ನಮ್ಮ ಹಾಗೆ ಮಾಡಲು ನಮಗೇಕೆ ಇಷ್ಟು ಆತುರ, ನಾವೇನು ಅಷ್ಟು ಸುಖವಾಗಿದ್ದೇವೆಯೇ ಅಂತಲೂ ಕೇಳಿದ್ದರು.

1944ರ ಸೆಪ್ಟೆಂಬರ್ ಕೊನೆಗೆ ಪಾವೆಲ್ ಅವರನ್ನು ಔಶ್ವಿಟ್ಜ್ ಎಂಬ ನಾಜಿಗಳ ಸಾವಿನ ಶಿಬಿರದ ಕಡೆಗೆ ಸಾಗಿಸಿದರು. ಫ್ರೀಡ್ಲ್ ತಾವೂ ಹೋಗುತ್ತೇನೆ ಅಂತ ಹೆಸರು ಕೊಟ್ಟರು. ಹೊರಡುವ ಮೊದಲು ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿಸಿಟ್ಟರು. ಅಕ್ಟೋಬರ್ 9ರಂದು ಅವರನ್ನು ಕೊಂದರು. ಗಂಡ ಬದುಕಿ ಉಳಿದರು. ಯುದ್ಧ ಮುಗಿದ ಮೇಲೆ ಸೂಟ್‌ಕೇಸುಗಳು ಪ್ರಾಗ್ ಸೇರಿದವು. ಅವು ಈಗ ಅಲ್ಲಿನ ಯಹೂದಿ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ಅದರ ಒಂದಷ್ಟು ಚಿತ್ರಗಳನ್ನು ಪಿಂಕಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಇಟ್ಟಿದ್ದಾರೆ. ಅದೇ ಕಟ್ಟಡದ ಗೋಡೆಗಳ ತುಂಬ, ಸತ್ತ ಸುಮಾರು 80,000 ಜನರ ಹೆಸರುಗಳು. ಚಿತ್ರ ಬರೆದ ಮಕ್ಕಳಲ್ಲಿ ಹೆಚ್ಚಿನವರ ಹೆಸರೂ ಅಲ್ಲೇ ಇವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಕಲೆ ಎಲ್ಲವನ್ನೂ ವಾಸಿಮಾಡುತ್ತದೆ’ ಅನ್ನುವ ಭಾಷಣಗಳು ಸಾಕಷ್ಟು ನಡೆಯುತ್ತಿವೆ. ತೆರೆಜೀನ್‌ನಲ್ಲಿ ಕಲೆ ಯಾರ ಜೀವವನ್ನೂ ಉಳಿಸಲಿಲ್ಲ. ಆ ಮಕ್ಕಳ ಹಸಿವೂ ಹೋಗಲಿಲ್ಲ, ಭಯವೂ ಹೋಗಲಿಲ್ಲ. ಹಾಗಾದರೆ ಏನಾಯಿತು? ಒಂದೊಂದು ಗಂಟೆ ಆ ಮಗು ಬರೀ ಭಯಪಡುವ ಮಗುವಾಗಿರಲಿಲ್ಲ. ಈ ಬಣ್ಣವೋ ಆ ಬಣ್ಣವೋ ಅಂತ ತಾನೇ ತೀರ್ಮಾನ ಮಾಡುವ ಮಗುವಾಗಿತ್ತು. ಬದುಕಿನಲ್ಲಿ ಬೇರೆ ಯಾವುದನ್ನೂ ಅದು ತೀರ್ಮಾನ ಮಾಡುವಂತಿರಲಿಲ್ಲ. ಕಲೆಯಿಂದ ಇಷ್ಟು ಸಿಗುತ್ತದೆ. ಇದು ಸಣ್ಣದು ಅಂತ ನಿಮಗೆ ಅನ್ನಿಸಿದರೆ, ನಿಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸಿದ ದಿನವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆಸ್ಪತ್ರೆಯ ವರಾಂಡಾದಲ್ಲಿ ಕಾದು ಕೂತ ದಿನ, ಕೆಲಸ ಹೋದ ತಿಂಗಳು.

ಈಗ ಆ ಶಿಷ್ಯೆ. ಎಡಿತ್ ಕ್ರಾಮರ್ 1938ರಲ್ಲಿ ನ್ಯೂಯಾರ್ಕ್ ತಲುಪಿ ಬಚಾವಾದರು. 1950ರಲ್ಲಿ ವಿಲ್ಟ್‌ವಿಕ್ ಎಂಬ ವಸತಿ ಶಾಲೆಗೆ ಸೇರಿದರು. ನಗರದ ಬಡ ಕೇರಿಗಳಿಂದ, ಮುರಿದ ಮನೆಗಳಿಂದ ಬಂದ, ಪೊಲೀಸರ ಕೈಗೆ ಸಿಕ್ಕಿದ ಹುಡುಗರ ಶಾಲೆ ಅದು. ಅಲ್ಲಿ ಏಳು ವರ್ಷ ಆ ಹುಡುಗರ ಜೊತೆ ಬಣ್ಣ, ಜೇಡಿಮಣ್ಣು ಹಿಡಿದು ಕೂತರು. ಕಲೆಯ ಮೂಲಕ ಚಿಕಿತ್ಸೆ ಅನ್ನುವುದನ್ನು ಅಮೆರಿಕದಲ್ಲಿ ಕಟ್ಟಿದವರಲ್ಲಿ ಇವರು ಮುಖ್ಯರು. 2014ರವರೆಗೆ ಬದುಕಿದ್ದರು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಏಡ್ರಿಯನ್ ಹಿಲ್ ಎಂಬ ಚಿತ್ರಗಾರ ಬೇರೆ ದಾರಿಯಲ್ಲಿ ಇದೇ ಜಾಗಕ್ಕೆ ಬಂದಿದ್ದರು. ಅವರು ಕ್ಷಯ ಹಿಡಿದು ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದಾಗ ಹಾಸಿಗೆಯಲ್ಲೇ ಚಿತ್ರ ಬರೆದು, ಪಕ್ಕದ ರೋಗಿಗಳಿಗೂ ಕಲಿಸಿದವರು. ಅವರದು ಇನ್ನೊಂದು ಭಾಷಣಕ್ಕಾಗುವಷ್ಟು ಇದೆ, ಬಿಡಿ.

ಆಗ ಈ ಕ್ಷೇತ್ರದಲ್ಲಿ ಒಂದು ಜಗಳವಿತ್ತು. ಚಿತ್ರ ಅಂದರೆ ಒಳಮನಸ್ಸಿನ ಗುಟ್ಟು, ಅದನ್ನು ಬಿಡಿಸಿ ಅರ್ಥ ಹೇಳಬೇಕು ಅಂತ ಒಂದು ಬಣ. ಕ್ರಾಮರ್ ಅದಕ್ಕೆ ಪೂರ್ತಿ ಒಪ್ಪಲಿಲ್ಲ. ಅರ್ಥ ಹೇಳುವುದಕ್ಕಿಂತ, ಚಿತ್ರ ಮಾಡುವ ಕೆಲಸ ಚೆನ್ನಾಗಿ ನಡೆದರೆ ಅದೇ ಅರ್ಧ ಔಷಧಿ ಅನ್ನುವುದು ಅವರ ನಿಲುವು. ನಾನು ಕ್ರಾಮರ್ ಪಕ್ಷ. ಕಪ್ಪು ಬಣ್ಣ ಬಳಸಿದ ಮಗುವಿಗೆ ಏನೋ ಆಗಿದೆ ಅಂತ ವಾಟ್ಸ್ಯಾಪಿನಲ್ಲಿ ಬರುತ್ತದಲ್ಲ, ಅದನ್ನು ನಂಬಿ ಮಗುವನ್ನು ಗೋಳುಹೊಯ್ದುಕೊಳ್ಳಬೇಡಿ. ಕೆಲವು ಸಲ ಡಬ್ಬಿಯಲ್ಲಿ ಉಳಿದದ್ದು ಕಪ್ಪು ಮಾತ್ರ ಆಗಿರುತ್ತದೆ.

ಜೊತೆಗೆ ಕೂತವರು ಹಾಗಾದರೆ ಏನು ಮಾಡಬೇಕು? ಕ್ರಾಮರ್ ಅದಕ್ಕೆ ‘ಮೂರನೇ ಕೈ’ ಅಂದರು. ಬರೆಯುವವನಿಗೆ ಎರಡು ಕೈ ಇವೆ. ಪಕ್ಕದವರು ಅವನ ಮೂರನೇ ಕೈ ಆಗಬೇಕು. ಅವನ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಅವನ ಚಿತ್ರವನ್ನು ತನ್ನ ಚಿತ್ರ ಮಾಡಿಕೊಳ್ಳಬಾರದು.

ನಮ್ಮಲ್ಲಿನ ಒಂದು ಉದಾಹರಣೆ ಕೊಡುತ್ತೇನೆ. ಚೌತಿ ಹತ್ತಿರ ಬಂದಾಗ ಮಕ್ಕಳು ಮಣ್ಣಿನ ಗಣಪತಿ ಮಾಡುತ್ತಾರೆ. ಹೊಟ್ಟೆ ಸಲೀಸು. ಕಿವಿ ಹೇಗೋ ಅಂಟಿಕೊಳ್ಳುತ್ತದೆ. ಸೊಂಡಿಲು ಮಾತ್ರ ಬಿದ್ದೇಬೀಳುತ್ತದೆ. ಒಂದು ಸಲ ಬಿದ್ದರೆ ಮಗು ನಗುತ್ತದೆ, ಮೂರನೇ ಸಲಕ್ಕೆ ಮಣ್ಣನ್ನು ಗುದ್ದಿ ಎದ್ದು ಹೋಗುತ್ತದೆ. ಆಗ ದೊಡ್ಡವರು ಮಾಡುವುದು ಸಾಮಾನ್ಯವಾಗಿ ಎರಡೇ. ಒಂದು, ‘ಕೊಡಿಲ್ಲಿ’ ಅಂತ ಕಿತ್ತುಕೊಂಡು ತಾವೇ ಮಾಡಿಬಿಡುವುದು. ಗಣಪತಿ ಚೆಂದ ಆಗುತ್ತದೆ, ಆದರೆ ಮಗುವಿನದಲ್ಲ. ಇನ್ನೊಂದು, ‘ನೀನೇ ಕಲಿತುಕೋ’ ಅಂತ ಸುಮ್ಮನೆ ನೋಡುವುದು. ಮೂರನೇ ಕೈ ಒಂದು ಬಿದಿರಿನ ಕಡ್ಡಿ ಮುರಿದು ಮುಂದಿಡುತ್ತದೆ. ‘ಇದನ್ನ ಒಳಗೆ ಚುಚ್ಚಿ ಮೇಲೆ ಮಣ್ಣು ಮೆತ್ತಿ ನೋಡು’ ಅನ್ನುತ್ತದೆ. ಅಷ್ಟೇ. ಸೊಂಡಿಲು ಎಡಕ್ಕೋ ಬಲಕ್ಕೋ, ಉದ್ದವೋ ಗಿಡ್ಡವೋ, ಮಗುವಿಗೇ ಬಿಟ್ಟದ್ದು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಎಂಟನೇ ಕ್ಲಾಸು. ಮಾತು ಕಡಿಮೆ. ಮನೆಯಲ್ಲಿ ಒಂದು ಸಾವಾಗಿತ್ತು ಅಂತಷ್ಟೇ ನಮಗೆ ಗೊತ್ತು. ಹಳ್ಳಿಯ ನೋಟ ಬರೆಯಿರಿ ಅಂದರೆ ಎಲ್ಲರೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ ಬರೆಯುತ್ತಾರೆ. ಈ ದೇಶದ ಎಲ್ಲ ಮಕ್ಕಳೂ ಅದೇ ಎರಡು ಗುಡ್ಡ ಯಾಕೆ ಬರೆಯುತ್ತಾರೋ ಆ ದೇವರಿಗೇ ಗೊತ್ತು. ಇವನು ಒಂದು ರಸ್ತೆ ಬರೆದ. ರಸ್ತೆ ಹಾಳೆಯ ತುದಿಗೆ ಬಂತು. ಪೆನ್ಸಿಲ್ ನಿಲ್ಲಿಸದೆ ಬೆಂಚಿನ ಮೇಲೂ ಎಳೆದ. ನಾನು ಇನ್ನೊಂದು ಹಾಳೆ ತಂದು ಗೋಂದು ಹಚ್ಚಿ ಪಕ್ಕಕ್ಕೆ ಅಂಟಿಸಿದೆ. ಅವನು ನನ್ನ ಮುಖ ನೋಡಿದ, ರಸ್ತೆ ಮುಂದುವರಿಸಿದ. ಮುಂದಿನ ವಾರ ಮತ್ತೊಂದು ಹಾಳೆ. ಕೊನೆಗೆ ಅದನ್ನು ಸುರುಳಿ ಸುತ್ತಿ ಇಡಬೇಕಾಯಿತು. ರಸ್ತೆಯ ಮೇಲೆ ಎತ್ತಿನ ಗಾಡಿ, ಬಸ್ಸು, ಒಂದು ಆಂಬುಲೆನ್ಸ್, ಆಮೇಲೆ ತುಂಬ ದೂರದವರೆಗೆ ಏನೂ ಇಲ್ಲ, ಆಮೇಲೆ ಒಂದು ಟೀ ಅಂಗಡಿ. ಆ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಲಿಲ್ಲ. ಟೀ ಅಂಗಡಿಯಲ್ಲಿ ಬೋಂಡಾ ಇದೆಯಾ ಅಂತ ಕೇಳಿದೆ. ಬೋಂಡಾ ಬರೆದ. ಅವನ ದುಃಖ ಹೋಯಿತಾ? ನನಗೆ ಹೇಗೆ ಗೊತ್ತಾಗಬೇಕು. ಹಾಜರಿ ಮಾತ್ರ ಸುಧಾರಿಸಿತು.

ಇದಕ್ಕೆಲ್ಲ ವಿಜ್ಞಾನದ ಆಧಾರ ಇದೆಯಾ ಅಂತ ಕೇಳುವವರಿದ್ದಾರೆ, ಕೇಳಬೇಕಾದ್ದೇ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಅವರ ತಂಡ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 39 ಜನ ವಯಸ್ಕರು. ಮುಕ್ಕಾಲು ಗಂಟೆ ಮಣ್ಣು, ಮಾರ್ಕರ್, ಅಂಟಿಸುವ ಕಾಗದ ಹಿಡಿದು ಏನು ಬೇಕಾದರೂ ಮಾಡಬಹುದು. ಮೊದಲೂ ಆಮೇಲೂ ಎಂಜಲು ತೆಗೆದು ಕಾರ್ಟಿಸೋಲ್ ಅಳೆದರು. ಒತ್ತಡವಿದ್ದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲು ಚಿತ್ರ ಬರೆದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ‘ನಂಗೆ ಬರಲ್ಲ’ ಅನ್ನುವವರು ಇದನ್ನು ಗಮನಿಸಿ. ಹಾಗಂತ ಜಾಸ್ತಿ ಹಿಗ್ಗುವುದೂ ಬೇಡ. ಚಿಕ್ಕ ಅಧ್ಯಯನ, ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಆ ಕೋಣೆಯಲ್ಲಿ ಕಲಾ ಚಿಕಿತ್ಸಕರೊಬ್ಬರು ಇದ್ದರು. ಕೇಳಿದರೆ ನೆರವು, ಕೇಳದಿದ್ದರೆ ಸುಮ್ಮನಿರುವುದು. ನನ್ನ ಕಣ್ಣು ಹೋದದ್ದು ಅಲ್ಲಿಗೆ.

ನಮ್ಮ ಹೆಣ್ಣುಮಕ್ಕಳಿಗೆ ಈ ವಿದ್ಯೆ ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟದ್ದಲ್ಲ. ಬೀಸುವ ಕಲ್ಲು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಪರವಾಗಿಲ್ಲ, ಸಾಕಷ್ಟು ಕೈ ಮೇಲೆ ಬಂದವು. ಕೋಳಿ ಕೂಗುವ ಮುಂಚೆ ಎದ್ದು ರಾಗಿಯೋ ಜೋಳವೋ ಬೀಸಬೇಕು. ಒಬ್ಬಳಿಗೆ ಭಾರ. ಇಬ್ಬರು ಎದುರುಬದುರು ಕಾಲು ಚಾಚಿ ಕೂತು, ಒಂದೇ ಗೂಟ ಹಿಡಿದು ತಿರುಗಿಸುತ್ತಾರೆ. ಒಬ್ಬಳು ಆಗಾಗ ಒಂದು ಹಿಡಿ ಕಾಳು ಕಲ್ಲಿನ ಬಾಯಿಗೆ ಹಾಕುತ್ತಾಳೆ. ಕಲ್ಲು ಗುರ್ರ್ ಅನ್ನುತ್ತದೆ, ಅದರ ಮೇಲೆ ಹಾಡು. ಕಲ್ಲನ್ನೇ ತಾಯಿ ಅಂತ ಕರೆದು ಹಾಡು ಶುರು. ಒಬ್ಬಳು ಸಾಲು ಎತ್ತುತ್ತಾಳೆ, ಇನ್ನೊಬ್ಬಳು ಅದನ್ನೇ ತಿರುಗಿ ಹೇಳುತ್ತಾಳೆ. ತವರಿನ ನೆನಪು, ಅತ್ತೆಯ ಕಾಟ, ಮಡಿಲಲ್ಲಿ ಉಳಿಯದ ಕೂಸು, ಗಂಡನ ಉದಾಸೀನ, ಎಲ್ಲ ಬರುತ್ತದೆ. ಒಳಗೆ ಅತ್ತೆ ಮಲಗಿದ್ದಾಳೆ. ಕೇಳಿಸಿಕೊಂಡರೂ ಏನೂ ಅನ್ನುವ ಹಾಗಿಲ್ಲ, ಅದು ಹಾಡು. ಯಾರ ಮೇಲೂ ಹೇಳಿದ್ದಲ್ಲ, ಹಿಂದಿನಿಂದ ಬಂದದ್ದು.

ಎದುರಿಗೆ ಕೂತವಳನ್ನು ನೋಡಿ. ಅವಳು ‘ಯಾಕೆ ಅಳ್ತೀಯ’ ಅಂತ ಕೇಳುವುದಿಲ್ಲ. ‘ಎಲ್ಲ ಸರಿಹೋಗ್ತದೆ’ ಅಂತ ಸಮಾಧಾನವನ್ನೂ ಹೇಳುವುದಿಲ್ಲ. ಗೂಟ ಬಿಡದೆ ಸಾಲು ತಿರುಗಿ ಹೇಳುತ್ತಾಳೆ. ಕ್ರಾಮರ್ ನ್ಯೂಯಾರ್ಕಿನಲ್ಲಿ ಕೂತು ಹೇಳಿದ ಮೂರನೇ ಕೈ ನಮ್ಮ ಹಜಾರಗಳಲ್ಲಿ ದಿನಾ ಬೆಳಗಿನ ಜಾವ ಗೂಟ ಹಿಡಿದಿತ್ತು.

ಹಿಟ್ಟಿನ ಗಿರಣಿ ಬಂದು ಈ ಹಾಡು ಹೋಯಿತು ಅಂತ ಕಣ್ಣೀರು ಹಾಕುವವರ ಪೈಕಿ ನಾನಲ್ಲ. ನಮ್ಮಜ್ಜಿಯ ರಟ್ಟೆ ನೋಡಿದವನಾದ್ದರಿಂದ ಹೇಳುತ್ತೇನೆ, ಗಿರಣಿ ಬಂದದ್ದು ಪುಣ್ಯ. ಆದರೆ ಕಲ್ಲಿನ ಜೊತೆ ಎದುರಿಗೆ ಕೂರುವವಳೂ ಹೋದಳು. ಆ ಜಾಗಕ್ಕೆ ನಾವು ಏನನ್ನು ತಂದೆವು? ಕೈಯಲ್ಲೊಂದು ಮೊಬೈಲು ತಂದೆವು. ಅದು ಸಾಲನ್ನು ತಿರುಗಿ ಹೇಳುವುದಿಲ್ಲ, ಲೈಕ್ ಒತ್ತುತ್ತದೆ.

ಜೈಲು ನಾಟಕದ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ ಅವರು ಕೈದಿಗಳಿಗೆ ನಾಟಕ ಕಲಿಸಿದರು. ಜೀವಾವಧಿ ಶಿಕ್ಷೆಯವರೂ ಆ ತಂಡದಲ್ಲಿದ್ದರು. ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೆ ಬಂದು ಆಡಿದರು. ಕೊಲೆ ಮಾಡಿದವನ ಪಶ್ಚಾತ್ತಾಪವನ್ನು ಇನ್ನೊಬ್ಬನ ಪಾತ್ರದ ಬಾಯಲ್ಲಿ ಹೇಳುವುದು ಸುಲಭ. ಬಂಧುಗಳ ಮುಂದೆ, ಕೋರ್ಟಿನ ಮುಂದೆ ಸ್ವಂತ ಹೆಸರಿನಲ್ಲಿ ಹೇಳುವುದು ಬೇರೆ. ಬೀಸುವ ಹಾಡಿನಲ್ಲಿ ‘ಹಿಂದಿನಿಂದ ಬಂದದ್ದು’ ಅನ್ನುವ ಮರೆ ಇತ್ತು. ಇಲ್ಲಿ ಬಣ್ಣ, ಪೋಷಾಕಿನ ಮರೆ.

ಮರೆ ಅಂದಾಗ ಬರವಣಿಗೆಯ ಮಾತು ಬರುತ್ತದೆ. ಚಿತ್ರ, ಹಾಡು ಎರಡೂ ಒಲ್ಲೆ ಅನ್ನುವವರಿಗೆ ಇದು. ಖರ್ಚಿಲ್ಲ, ಒಂದು ನೋಟ್‌ಬುಕ್ಕು ಸಾಕು. ಜೇಮ್ಸ್ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಬೇಕು. ಕೆಲವರು ತಮ್ಮನ್ನು ಹೆಚ್ಚು ಕಾಡಿದ ಘಟನೆಯ ಬಗ್ಗೆ, ಉಳಿದವರು ಕೋಣೆ, ಚಪ್ಪಲಿ ಇಂಥ ಸಾದಾ ವಿಷಯಗಳ ಬಗ್ಗೆ. ನಡೆದದ್ದನ್ನೂ ಅದರಿಂದ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಬರೆದ ಆ ದಿನ ಮಾತ್ರ ಅವರಿಗೆ ಮೊದಲಿಗಿಂತ ಜಾಸ್ತಿ ಬೇಜಾರಾಗಿತ್ತು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬರೆದ ತಕ್ಷಣ ಹಗುರ ಆಗದಿದ್ದರೆ ನಿಮ್ಮಲ್ಲಿ ಏನೋ ಕೆಟ್ಟಿದೆ ಅಂತ ಅಲ್ಲ. ಆಮೇಲೆ ಇದನ್ನು ಎಷ್ಟೋ ಜನ ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಒಟ್ಟಾರೆ ಲಾಭ ಇದೆ, ಆದರೆ ಚಿಕ್ಕದು ಅನ್ನುವುದು ಅವರ ಲೆಕ್ಕ. ಹದಿನೈದು ನಿಮಿಷದ ಕೂಲಿಗೆ ಚಿಕ್ಕ ಲಾಭ ನ್ಯಾಯವೇ.

ಮಾಡುವವರಿಗೆ ಎರಡು ಮಾತು. ಬರೆಯುವಾಗ ಕಾಗುಣಿತ ನೋಡಬೇಡಿ, ಒತ್ತಕ್ಷರ ತಪ್ಪಿದರೆ ತಪ್ಪಲಿ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಧಾರವಾಡದವರು ಧಾರವಾಡದ ಕನ್ನಡ, ಕುಂದಾಪುರದವರು ಕುಂದಾಪುರದ ಕನ್ನಡ. ಪುಸ್ತಕದ ಭಾಷೆಯಲ್ಲಿ ಅಳು ಬರುವುದಿಲ್ಲ. ಬರೆದದ್ದನ್ನು ಹರಿದು ಹಾಕಿದರೂ ಆಯಿತು, ಒಲೆಗೆ ಹಾಕಿದರೂ ಆಯಿತು. ಯಾರೂ ಓದುವುದಿಲ್ಲ ಅನ್ನುವ ಧೈರ್ಯ ಇದ್ದರೆ ಮಾತ್ರ ನಿಜ ಹೊರಗೆ ಬರುತ್ತದೆ. ಇನ್ನೊಂದು, ಪೆಟ್ಟು ತೀರಾ ಹಸಿ ಇರುವಾಗ, ನಿನ್ನೆ ಮೊನ್ನೆ ನಡೆದದ್ದನ್ನು ಒಬ್ಬರೇ ಕೂತು ಕೆದಕಬೇಡಿ. ಆಗ ಬೇಕಾದದ್ದು ಪೆನ್ನಲ್ಲ, ಜೊತೆಗೆ ಜನ.

ಕಲೆ ಸಾಲದ ಹೊತ್ತೂ ಇದೆ. ನಿದ್ದೆ ಬಿಟ್ಟು ವಾರಗಳಾಗಿದ್ದರೆ, ಊಟ ಸೇರದಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತಿದ್ದರೆ ಕ್ರೇಯಾನ್ಸ್ ಹುಡುಕುತ್ತ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ. 14416 ಅಂತ ಒಂದು ನಂಬರಿದೆ, ಟೆಲಿ ಮಾನಸ್. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಮೊಬೈಲಿನಲ್ಲಿ ಈಗಲೇ ಉಳಿಸಿಕೊಳ್ಳಿ, ನಿಮಗೆ ಬೇಡವಾದರೂ ಪಕ್ಕದ ಮನೆಯವರಿಗೆ ಬೇಕಾದೀತು. ಗುಳಿಗೆ ತೆಗೆದುಕೊಳ್ಳುತ್ತ ಚಿತ್ರ ಬರೆಯಬಹುದು, ಎರಡಕ್ಕೂ ಜಗಳವಿಲ್ಲ.

ಬೆಳವಣಿಗೆಯ ಬಗ್ಗೆಯೂ ಮಾತಾಡಿ ಅಂತ ಸಂಘಟಕರು ಹೇಳಿದ್ದರು. ಅದರಲ್ಲಿ ನನಗಿರುವುದು ಉಪದೇಶಕ್ಕಿಂತ ತಕರಾರು. ನಮ್ಮಲ್ಲಿ ಮಗು ಎರಡು ಸಾಲು ಹಾಡಿದರೆ ಸ್ಪರ್ಧೆಗೆ ಹೆಸರು ಬರೆಸುತ್ತಾರೆ. ಬೇಸಿಗೆ ಶಿಬಿರದ ಕೊನೆಯ ದಿನ ಪ್ರದರ್ಶನ ಇರಲೇಬೇಕು, ಬಹುಮಾನ ಇರಲೇಬೇಕು. ಹಾಗಾಗಿ ಮೇಷ್ಟ್ರು ತಾವೇ ತಿದ್ದಿ ಕಳಿಸುತ್ತಾರೆ. ಅರವತ್ತು ದಾಟಿದವರು ಹಾರ್ಮೋನಿಯಂ ಕಲಿಯಲು ಹೊರಟರೆ ‘ಈ ವಯಸ್ಸಿನಲ್ಲಿ ಕಚೇರಿ ಕೊಡ್ತೀರಾ’ ಅಂತ ನಗುತ್ತಾರೆ. ಕಚೇರಿ ಕೊಡದವರು ಹಾಡಬಾರದು ಅಂತ ಎಲ್ಲಿ ಬರೆದಿದೆ? ಭಜನೆಗೆ ಕೂತವರಲ್ಲಿ ಶ್ರುತಿ ಸೇರದವರೇ ಜಾಸ್ತಿ. ಯಾರೂ ಎಬ್ಬಿಸಿ ಕಳಿಸುವುದಿಲ್ಲ, ಅದಕ್ಕೇ ಶನಿವಾರ ಶನಿವಾರ ಬರುತ್ತಾರೆ. ನಿಮ್ಮ ಬೀದಿಯಲ್ಲಿ ಅಂಥ ಒಂದು ಜಾಗ ಮಾಡಲು ಹಣ ಬೇಕಿಲ್ಲ. ಕೆಲಸ ಮುಗಿದ ಮೇಲೆ ‘ಯಾರದು ಚೆನ್ನಾಗಿದೆ’ ಅಂತ ಕೇಳದವರು ನಾಲ್ಕು ಜನ ಬೇಕು. ಅವರನ್ನು ಹುಡುಕುವುದೇ ಕಷ್ಟ ಅನ್ನುವುದೂ ನಿಜ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, ‘ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ನನಗೆ ಎರಡೂ ಕೈ ನಡುಗ್ತವೆ, ಪೆನ್ಸಿಲ್ ಹಿಡಿಯೋಕಾಗಲ್ಲ. ನಾನೇನು ಮಾಡಲಿ ಹೇಳಿ’ ಅಂದರು.

ಅವರಿಗೆ ಮಾತೀಸ್ ವಿಷಯ ಹೇಳಿದೆ. ಆನ್ರಿ ಮಾತೀಸ್ ಫ್ರಾನ್ಸಿನ ದೊಡ್ಡ ಚಿತ್ರಗಾರ. 1941ರಲ್ಲಿ, ಎಪ್ಪತ್ತೊಂದನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿಗೆ ದೊಡ್ಡ ಆಪರೇಷನ್ ಆಯಿತು. ಆಮೇಲೆ ಹಾಸಿಗೆ, ಗಾಲಿಕುರ್ಚಿಯಲ್ಲೇ ಹೆಚ್ಚು ಕಾಲ. ನಿಂತು ದೊಡ್ಡ ಚಿತ್ರ ಬರೆಯುವ ಶಕ್ತಿ ಇರಲಿಲ್ಲ. ಅವರು ಕತ್ತರಿ ಹಿಡಿದರು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಒಣಗಿಸಿ ಕೊಡುತ್ತಿದ್ದರು. ಇವರು ಕತ್ತರಿಸುತ್ತಿದ್ದರು. ಎಲೆ, ಹಕ್ಕಿ, ಈಜುವವರು. ಸಹಾಯಕರು ಆ ತುಂಡುಗಳನ್ನು ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚುತ್ತಿದ್ದರು. ‘ಸ್ವಲ್ಪ ಮೇಲೆ, ಇನ್ನೂ ಎಡಕ್ಕೆ’ ಅಂದರೆ ಹಾಗೆ ಸರಿಸುತ್ತಿದ್ದರು. 1954ರಲ್ಲಿ ತೀರಿಕೊಳ್ಳುವವರೆಗೆ ಅದೇ ಕೆಲಸ.

‘ನನ್ನ ಮನೇಲಿ ಗೋಡೆಗೆ ಚುಚ್ಚೋಕೆ ಯಾರಿದ್ದಾರೆ’ ಅಂದರು ಅವರು. ಮೊಮ್ಮಗಳು ಇದ್ದಾಳಂತೆ, ಐದನೇ ಕ್ಲಾಸು. ಅವಳಿಗೆ ಹೇಳಿ ಅಂದೆ. ಕತ್ತರಿಯೂ ಕಷ್ಟವಾದರೆ ಮಣ್ಣು ಹಿಡಿಯಿರಿ ಅಂದೆ. ಕುಂಬಾರರ ಹತ್ತಿರ ಕೇಳಿದರೆ ಕಲ್ಲು ತೆಗೆದು ತುಳಿದು ಹದ ಮಾಡಿದ ಮಣ್ಣೇ ಕೊಡುತ್ತಾರೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಬಚ್ಚಲಿನ ಮೂಲೆಯಲ್ಲಿಟ್ಟರೆ ಎಷ್ಟೋ ದಿನ ಒಣಗುವುದಿಲ್ಲ. ಸಣ್ಣ ಗೊಂಬೆಗೆ ಕೈಹಾಕಬೇಡಿ, ಎರಡೂ ಅಂಗೈಗೆ ತುಂಬುವಷ್ಟು ದೊಡ್ಡದು ಮಾಡಿ, ನಡುಕ ಅಷ್ಟು ತೊಂದರೆ ಕೊಡುವುದಿಲ್ಲ. ಅವರು ಜೇಬಿನಿಂದ ಚೀಟಿ ತೆಗೆದು ಪಕ್ಕದವರ ಕೈಯಲ್ಲಿ ಬರೆಸಿಕೊಂಡರು. ಗೋಣಿಚೀಲ ದಿನಾ ನೆನೆಸಬೇಕಾ ಅಂತ ಕೇಳಿದರು. ಬೇಸಿಗೆಯಲ್ಲಿ ದಿನಾ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸಾಕು ಅಂದೆ.